ಅಜ್ಜಿ ಹಲ್ಲು, ಮೊರದ ತುಂಬ ಹುಳ

ನಾನು ಈಗ ಹೇಳೋದನ್ನ ನೀವು ನಂಬಲ್ಲ. ಬೇಡ, ನಂಬಬೇಡಿ. ನಮ್ಮ ಯಲ್ದೂರಲ್ಲಿ ಯಾರನ್ನ ಬೇಕಾದ್ರೂ ಕೇಳಿ, ಅರ್ಧ ನಿಜ ಅಂತ ಒಪ್ಕೋತಾರೆ. ಉಳಿದರ್ಧಕ್ಕೆ ನಾನಿದೀನಲ್ಲ.

ಬೆಳಿಗ್ಗೆಯಿಂದ ದವಡೇಲಿ ಒಂದು ಲವಂಗ ಇಟ್ಕೊಂಡು ಕೂತಿದೀನಿ. ಯಾಕೆ ಅಂತ ಆಮೇಲೆ ಹೇಳ್ತೀನಿ, ಅವಸರ ಮಾಡ್ಬೇಡಿ. ಈ ಘಾಟು ಮೂಗಿಗೆ ಹೊಡೆದಿದ್ದೇ ತಡ, ನಾನು ಏಳನೇ ಕ್ಲಾಸಲ್ಲಿದ್ದಾಗ ನಮ್ಮ ಸ್ಕೂಲ್ ಜಗಲೀಲಿ ನಡೆದ ಹಲ್ಲಿನ ಕ್ಯಾಂಪು ನೆನಪಾಯ್ತು. ಅವತ್ತು ಕರಿಹಲಗೆ ಕೂಡ ಲವಂಗದೆಣ್ಣೆ ವಾಸನೆ ಹೊಡೀತಿತ್ತು.

ಬಂದಿದ್ದೋರು ಫಾರಿನ್ನೋರು. ಪೂರ್ತಿ ಡಾಕ್ಟ್ರಲ್ಲ, ಹಲ್ಲಿನ ಡಾಕ್ಟರಿಕೆ ಓದ್ತಿರೋ ಹುಡುಗ ಹುಡುಗೀರು. ಸಮುದ್ರ ದಾಟಿ, ಕೋಲಾರ ದಾಟಿ, ಶ್ರೀನಿವಾಸಪುರದ ಗುಂಡಿಗಳನ್ನೂ ದಾಟಿ ನಮ್ಮ ಬಾಯಿ ನೋಡೋಕೆ ಬಂದಿದ್ರು. ನಮ್ಮೂರ ಬಾಯಿಗಳನ್ನ ಅಲ್ಲೀತನಕ ಯಾರೂ ನೋಡಿರ್ಲಿಲ್ಲ, ಕೇಳಿ ಸಾಕಾಗಿದ್ರು ಅಷ್ಟೆ. ಜೊತೆಗೆ ಅವರ ಕೆಲಸ ನೋಡ್ಕೊಳ್ಳೋಕೆ ಬೆಂಗಳೂರಿಂದ ಒಬ್ರು ದೊಡ್ಡ ಡಾಕ್ಟರಮ್ಮ. ಒಂದೇ ದಿನದ ಕ್ಯಾಂಪು, ಸಾಯಂಕಾಲ ವ್ಯಾನು ಹೊರಡುತ್ತೆ ಅಂತ ತಮಟೆ ಹೊಡೆಸಿ ಸಾರಿದ್ರು.

ನಮ್ಮಜ್ಜಿಗೆ ಆಗ ಮೇಲಿನ ದವಡೆ ಹಲ್ಲು ನೋವು. ಕೆನ್ನೆ ಊದಿ ಬೇಕರಿ ಬನ್ನು. ವಾರದಿಂದ ಮುದ್ದೆ ಮುಟ್ಟಿಲ್ಲ, ಬರೀ ಗಂಜಿ. ನರಳಾಟ ಕೇಳಿ ಹಿತ್ತಲ ಹಸು ಕೂಡ ಎದ್ದು ಕೂರೋದು. ಕ್ಯಾಂಪಿಗೆ ಬಾ ಅಂದ್ರೆ ಮಾತ್ರ ಒಂದೇ ಹಟ.

"ಮೇಲಿನ ಹಲ್ಲು ಕಿತ್ರೆ ಕಣ್ಣು ಹೋಗುತ್ತೆ ಕಣೋ. ಆಮೇಲೆ ಹುಳ ಯಾರು ಆರಿಸ್ತಾರೆ, ನಿಮ್ಮಪ್ಪನಾ?"

ಊರಿಗೂರೇ ಹಾಗೆ ನಂಬಿತ್ತು. ನಮ್ಮದು ರೇಷ್ಮೆ ಸಾಕೋ ಮನೆ. ಹುಳ ಸೊಪ್ಪು ತಿನ್ನೋದು ಬಿಟ್ಟು, ಮೈ ಹಳದಿ ತಿರುಗಿದ್ರೆ ಹಣ್ಣಾಯ್ತು ಅಂತ ಲೆಕ್ಕ. ಅಂಥವನ್ನ ಮಾತ್ರ ಆರಿಸಿ ಗೂಡು ಕಟ್ಟೋಕೆ ಚಂದ್ರಿಕೆ ಅನ್ನೋ ಬಿದಿರಿನ ತಟ್ಟಿ ಮೇಲೆ ಬಿಡ್ಬೇಕು. ಅಪ್ಪ ಆರಿಸಿದ್ರೆ ಅರ್ಧಕ್ಕರ್ಧ ಹಸಿ ಹುಳ. ಅಜ್ಜಿ ಊರಾಚೆ ನಿಂತೇ ಗುರುತು ಹಿಡೀತಾಳೆ. ಸರಿ, ಬಾಗಿಲಾಚೆ ಅಂತಿಟ್ಕೊಳ್ಳಿ.

ಅವತ್ತೇ ಹುಳ ಹಣ್ಣಾಗಿತ್ತು ಬೇರೆ. ಆಗ ನನ್ನ ತಲೆ ಓಡ್ತು ನೋಡಿ. "ಅಜ್ಜಿ, ಮೊರದಲ್ಲಿ ಹುಳ ಹಾಕ್ಕೊಂಡು ತೊಡೆ ಮೇಲಿಟ್ಕೊ. ಅವರು ಹಲ್ಲು ಕೀಳ್ಲಿ, ನೀನು ಆರಿಸ್ತಾ ಇರು. ಕಣ್ಣು ಮಂಜಾದ ತಕ್ಷಣ ಕೈ ಎತ್ತು, ನಾನು ನಿಲ್ಲಿಸ್ತೀನಿ."

ಅಜ್ಜಿ ಯೋಚನೆ ಮಾಡಿದ್ಳು. "ಒರೇಯ್, ಅಷ್ಟೊತ್ತಿಗೆ ಅರ್ಧ ಕಿತ್ತಿದ್ರೆ?"

"ವಾಪಸ್ ಒತ್ತಿಸ್ತೀನಿ."

ಒಪ್ಕೊಂಡ್ಳು!

ಹೆಡ್ಮೇಷ್ಟ್ರ ಕುರ್ಚೀಲಿ ಅಜ್ಜಿ, ತೊಡೆ ಮೇಲೆ ಮೊರ, ಮೊರದ ತುಂಬ ಹುಳ. ಹಲ್ಲು ಕೀಳ್ಬೇಕಾದೋಳು ಹೆಲೆನ್ ಅಂತ, ಜೋಳದ ತೆನೆ ಕೂದಲಿನ ಉದ್ದನೆ ಹುಡುಗಿ. ಮೊರ ನೋಡಿ ಕಿರುಚ್ಕೊಂಡು ಹಿಂದಕ್ಕೆ ಹಾರಿದ್ಳು. ನಾನೇ ನನ್ನ ಏಳನೇ ಕ್ಲಾಸಿನ ಇಂಗ್ಲಿಷಲ್ಲಿ ವಿವರಿಸ್ದೆ: "ಟೂತ್ ಕಮ್, ಐ ಗೋ!" ಆಯಮ್ಮ ಇನ್ನೂ ಬೆಚ್ಚಿದ್ಳು. ಕೊನೆಗೆ ಡಾಕ್ಟರಮ್ಮ ಬಂದು ಬಿಡಿಸಿ ಹೇಳಿದ್ರು.

ಅಜ್ಜಿ ಹೆಲೆನ್ ಕೈ ತಟ್ಟಿ, "ಹೆದರ್ಬೇಡ ತಾಯಿ, ಕಚ್ಚಲ್ಲ" ಅಂದ್ಳು. ಹುಳಾನೋ ತಾನೋ ಗೊತ್ತಿಲ್ಲ.

ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ಇಕ್ಕಳ ಹಾಕಿದ್ರು. ಅಜ್ಜಿ ಬಾಯಿ ಆಕಾಶಕ್ಕೆ, ಕಣ್ಣು ಮೊರಕ್ಕೆ, ಬೆರಳು ಟಕಟಕ ಅಂತ ಹಣ್ಣು ಹುಳ ಆರಿಸಿ ಪಕ್ಕದ ಬಿದಿರ ಪುಟ್ಟಿಗೆ. ಹಿಂದೆ ಸಾಲಲ್ಲಿ ನಿಂತಿದ್ದೋರೆಲ್ಲ ಚಪ್ಪಲಿ ಮೆಟ್ಟಿ ಓಡೋಕೆ ರೆಡಿ. ಇದ್ದಕ್ಕಿದ್ದಂಗೆ ಅಜ್ಜಿ ಬೆರಳು ನಿಂತೋಯ್ತು.

ಇಲ್ಲಿ ನಾನೇನೂ ಸೇರಿಸ್ತಿಲ್ಲ. ನನ್ನ ಉಸಿರೂ ನಿಂತಿತ್ತು. ಕಣ್ಣು ಹೋದ್ರೆ ಕರ್ಕೊಂಡು ಬಂದೋನು ನಾನೇ ತಾನೆ?

ಅಜ್ಜಿ ಒಂದು ಹುಳ ಎತ್ತಿ, ಬೆಳಕಿಗೆ ಹಿಡಿದು, ಮೆಲ್ಲಗೆ ತಿರುಗಿಸಿ ನೋಡಿ, ವಾಪಸ್ ಸೊಪ್ಪಿನ ಮೇಲೆ ಬಿಟ್ಳು. ಬಗ್ಗಿ ನೋಡ್ದೆ. ನಿಜವಾಗ್ಲೂ ಹಸಿ ಹುಳ!

ಅಷ್ಟರಲ್ಲಿ ಹೆಲೆನ್ ಕಿತ್ತ ಹಲ್ಲು ಹಿಡ್ಕೊಂಡು ಕುಣೀತಿದ್ಳು. ಅಜ್ಜಿ ಹತ್ತಿ ಕಚ್ಕೊಂಡೇ ಕೇಳಿದ್ಳು: "ಯಾವಾಗ ಕೀಳ್ತಾಳಂತೆ?"

ಸಾಲಿನೋರೆಲ್ಲ ಓಡಿದ್ರು ಸ್ವಾಮಿ, ಆದ್ರೆ ತಪ್ಪಿಸ್ಕೊಳ್ಳೋಕಲ್ಲ. ಒಬ್ಬಳು ಸೂಜಿ ದಾರ ತಂದ್ಳು, ಒಬ್ಬಳು ಕಲ್ಲಿರೋ ಅಕ್ಕಿ. ಒಬ್ಬ ತಾತ ಕುರಿ ಮಂದೇನೇ ಹೊಡ್ಕೊಂಡು ಬಂದು ಎದುರಿಗೆ ನಿಲ್ಲಿಸ್ದ, ಹಲ್ಲು ಕೀಳೋವಾಗ ಎಣಿಸೋಕೆ. ಸಾಯಂಕಾಲ ಹೆಲೆನ್ ಕಣ್ಮುಚ್ಕೊಂಡು ಒಂದು ಹುಳಾನ ಅಂಗೈ ಮೇಲೆ ಬಿಡಿಸ್ಕೊಂಡ್ಳು. ನಾಲ್ಕೇ ದಿನಕ್ಕೆ ಅಜ್ಜಿ ಮುದ್ದೆ ನುಂಗಿದ್ಳು. ಕಣ್ಣಂತೂ ಇವತ್ತಿಗೂ ಹಾಗೇ ಇದೆ. ನಾನು ಮಾವಿನ ತೋಪಲ್ಲಿ ಬೀಡಿ ಸೇದಿದ್ದು ಅವಳಿಗೇ ಕಂಡಿದ್ದು.

ಈಗ ಲವಂಗದ ವಿಷಯ. ನನಗೂ ಹಲ್ಲು ನೋವು. ಮೇಲಿನದು. ಅಪ್ಪ ಕೋಲಾರಕ್ಕೆ ಹೋಗಿ ಕೀಳಿಸೋಣ ಅಂತ ನಿನ್ನೆಯಿಂದ ಕರೀತಿದಾರೆ. ನನಗೇನು ಹೆದರಿಕೆ? ಹಲ್ಲಿಗೂ ಕಣ್ಣಿಗೂ ಸಂಬಂಧ ಇಲ್ಲ ಅಂತ ಸೈನ್ಸಲ್ಲಿ ಓದಿದೀನಿ. ಸುಮ್ನೆ ನಿಮಗೊಂದು ಕಥೆ ಹೇಳೋಣ ಅಂತ, ಬಸ್ಸು ಹೋಗೋ ತನಕ...

ಅಯ್ಯೋ, ಅಪ್ಪ ಬಂದ್ರು. "ಏನ್ಲಾ ಗೀಚ್ತಿದೀಯ? ಏಳು, ಬಸ್ ಬಂತು!"

ಹಿಂದೆ ಅಜ್ಜಿ. ಕೈಲಿ ಅದೇ ಮೊರ, ಅದರಲ್ಲಿ ಒಂದು ಹಿಡಿ ಹುಳ.

"ಅಜ್ಜಿ, ನಾನು ಹೈಸ್ಕೂಲು!"

"ಗೊತ್ತು ಕಣೋ. ಹಿಡ್ಕೊ."

ಹಿಡ್ಕೊಂಡೆ. ಎದೆ ಹಗುರಾಯ್ತು, ನಿಜವಾಗ್ಲೂ. ಬಸ್ಸಲ್ಲಿ ಪಕ್ಕದೋರಿಗೆ ಏನು ಹೇಳ್ಬೇಕು ಅಂತ ಯೋಚಿಸ್ತಿದೀನಿ, ಅಪ್ಪ ಪೆನ್ನು ಕಿತ್