ಪುನರ್ಪುಳಿಯಲ್ಲದ ಸಾರು

ಕುಡಿಯುವ ಮೊದಲು ಲೋಟದೊಳಗೆ ಇಣುಕಿ ನೋಡುವವರು, ಆಮೇಲೆ ಮೂಗನ್ನು ಅದರ ಬಾಯಿಗೆ ಒಡ್ಡುವವರು, ಕೊನೆಗೆ ಒಂದು ಗುಟುಕನ್ನು ನಾಲಗೆಯ ಮೇಲೆ ನಿಲ್ಲಿಸಿಕೊಂಡು ಕಣ್ಣು ಮುಚ್ಚುವವರು, ಇಂಥವರನ್ನು ಕಂಡರೆ ನನಗೆ ಭಯಮಿಶ್ರಿತ ಗೌರವ. ಪರದೇಶಗಳಲ್ಲಿ ದ್ರಾಕ್ಷಾರಸದ ಗುಣದೋಷಗಳನ್ನು ಹೀಗೆ ವಿವೇಚಿಸಿ, ಯಾವ ಊಟಕ್ಕೆ ಯಾವುದು ಹಿತವೆಂದು ಹೇಳುವುದನ್ನೇ ಉದ್ಯೋಗ ಮಾಡಿಕೊಂಡ ಪಂಡಿತರಿದ್ದಾರಂತೆ. ನನ್ನದು ಅಂಥ ನಾಲಗೆಯಲ್ಲ. ಬಿಸಿಯಾಗಿದ್ದರೆ ಕಾಫಿ, ಕಹಿಯಾಗಿದ್ದರೆ ಕಷಾಯ, ಎರಡೂ ಆಗಿದ್ದರೆ ಹೆಂಡತಿಗೆ ನನ್ನ ಮೇಲೆ ಸಿಟ್ಟು ಎಂಬಲ್ಲಿಗೆ ನನ್ನ ಪಾನಶಾಸ್ತ್ರ ಮುಗಿಯುತ್ತದೆ.

ಅಪ್ಪ ಮಾತ್ರ ನಿಜವಾದ ಪಂಡಿತರು. ಪುತ್ತೂರಿನ ಸುತ್ತುಮುತ್ತ ಮದುವೆ ಮುಂಜಿಗಳ ಪಂಕ್ತಿಯಲ್ಲಿ ಅವರು ಕೂತರೆ, ಅಡಿಗೆಯವರು ಕಂಬದ ಮರೆಯಲ್ಲಿ ನಿಂತು ಅವರ ಮೊದಲ ಗುಟುಕನ್ನೇ ಕಾಯುತ್ತಿದ್ದರು. ನಮ್ಮಲ್ಲಿ ಅಡಿಗೆ ಮಾಡುವವರು ಬಡಿಸುವ ಮುನ್ನ ರುಚಿ ನೋಡುವಂತಿಲ್ಲ. ನೋಡಿದರೆ ಎಂಜಲು, ನೈವೇದ್ಯಕ್ಕೆ ಸಲ್ಲದು. ಕಣ್ಣು, ಮೂಗು, ಕೈಯಂದಾಜು ಇವಿಷ್ಟನ್ನೇ ನಂಬಿ ಊರಿಗೆಲ್ಲ ಸಾರು ಕುದಿಸಿದವನಿಗೆ, ತಾನು ಮಾಡಿದ್ದು ಹೇಗಾಯಿತೆಂದು ತಿಳಿಯುವುದು ಉಣ್ಣುವವರ ಮುಖದಿಂದಲೇ. ಆ ವಿಷಯದಲ್ಲಿ ಅಪ್ಪನ ಮುಖಕ್ಕೆ ದಾಕ್ಷಿಣ್ಯವೆಂಬುದಿರಲಿಲ್ಲ. ಮಜ್ಜಿಗೆ ಕಡೆದು ಎಷ್ಟು ಹೊತ್ತಾಯಿತು, ಪಾನಕದ ಬೆಲ್ಲ ಹೊಸದೋ ಹಳೆಯದೋ ಎಂಬುದನ್ನೆಲ್ಲ ಅವರು ಒಂದೇ ಗುಟುಕಿಗೆ ಹೇಳಿಬಿಡುತ್ತಿದ್ದರು.

ಅರವತ್ತರ ದಶಕದ ಮೊದಲಲ್ಲಿ, ನಾನು ಕಡಬದ ಕಡೆ ಮೇಷ್ಟ್ರಾಗಿ ಮನೆ ಮಾಡಿದ್ದಾಗ, ನಮ್ಮೊಡನಿದ್ದ ಅಪ್ಪನಿಗೆ ವಿಷಮಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ನಾಲಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ತುತ್ತು ಬಾಯಿಗಿಟ್ಟರೆ ಮಣ್ಣು ತಿಂದ ಹಾಗೆ ಆಗುತ್ತದೆಂದು ಎಲೆಯ ಮುಂದಿನಿಂದ ಎದ್ದುಬಿಡುತ್ತಿದ್ದರು. ಮದುವೆಗೆ ಕರೆಯ ಬಂದವರಿಗೆ ಕಾಲುನೋವಿನ ನೆಪ ಹೇಳಿ ಕಳಿಸಿದ ದಿನ ನಾನು ಯಾಕೆಂದು ಕೇಳಿದೆ.

“ಅಡಿಗೆಯವರು ನನ್ನ ಮುಖ ನೋಡ್ತಾರೆ ಮಗಾ,” ಎಂದರು. “ನಾನು ಎಂತ ತೋರಿಸುದು?”

ಹೆಂಡತಿ ಶಂಕರಿ ದಿನಕ್ಕೊಂದು ತಂಬುಳಿ, ದಿನಕ್ಕೊಂದು ಸಾರು ಮಾಡಿ ಸೋತಳು. ಮಾವನ ಎಲೆಯಲ್ಲಿ ಉಳಿದದ್ದನ್ನು ಬಳಿಯುವಾಗ ಅವಳ ಕಣ್ಣು ತುಂಬುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಗಾಢ ಕೆಂಪು ರಸ ತುಂಬಿದ ಬಾಟ್ಲಿಯೊಂದು ಕಾಣಿಸಿತು. ನಮ್ಮ ಕಡೆಯ ಮನೆಗಳಲ್ಲಿ ಆ ಬಣ್ಣದ ರಸವೆಂದರೆ ಸಾರಿಗೂ ಪಾನಕಕ್ಕೂ ಆಗುವ ಹುಳಿ ಕಾಡುಹಣ್ಣು ಪುನರ್ಪುಳಿಯದೇ. ಕಾಣಿಯೂರಿನ ನನ್ನ ತಂಗಿ ಅದನ್ನು ಕಳಿಸುತ್ತೇನೆಂದೂ ಹೇಳಿದ್ದಳು. ಆ ಕಡೆಯಿಂದ ಬಂದ ಯಾರೋ ಇಟ್ಟು ಹೋಗಿರಬೇಕೆಂದು ಶಂಕರಿ ತೀರ್ಮಾನಿಸಿದಳು. ಶೀತವಾಗಿ ಅವಳ ಮೂಗು ಕಟ್ಟಿತ್ತು, ರುಚಿ ನೋಡಲು ಶಾಸ್ತ್ರದ ಅಡ್ಡಿ. ಉಪ್ಪು, ಬೆಲ್ಲ, ಹಸಿಮೆಣಸು ಹಾಕಿ ಕುದಿಸಿ, ಇಂಗು ಸಾಸಿವೆಯ ಒಗ್ಗರಣೆ ಕೊಟ್ಟು ಮಧ್ಯಾಹ್ನ ಬಡಿಸಿದಳು.

ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ನನಗೇನೂ ವಿಶೇಷ ಅನ್ನಿಸಲಿಲ್ಲ.

ಅಪ್ಪ ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು ಕುಡಿದರು. ಹುಬ್ಬು ಮೇಲೆ ಹೋಯಿತು.

“ಶಂಕರಿ, ಸಾಸಿವೆ ಕರಟಿದೆ.”

ಮಾಡಿದ ಅಡಿಗೆಗೆ ದೋಷ ಹೇಳಿಸಿಕೊಂಡು ಅಷ್ಟು ಸಂತೋಷಪಟ್ಟ ಗೃಹಿಣಿಯನ್ನು ನಾನು ಬೇರೆ ನೋಡಿಲ್ಲ. ಅವಳು ಸೌಟು ಹಿಡಿದುಕೊಂಡೇ ಅತ್ತಳು.

“ಇಂಗು ಸಮ ಉಂಟು,” ಎಂದು ಅಪ್ಪ ಮುಂದುವರಿಸಿದರು. “ಲವಂಗ ಯಾಕೆ ಹಾಕಿದ್ದು? ಇದು ಪುನರ್ಪುಳಿ ಅಲ್ಲ.”

ಅಷ್ಟರಲ್ಲಿ ಅಂಗಳದಿಂದ ಕೂಗು ಕೇಳಿಸಿತು. ಕೇರಳದಿಂದ ಬಂದು ನಮ್ಮ ನೆರೆಯಲ್ಲಿ ಗುಡ್ಡ ಕಡಿದು ರಬ್ಬರು ನೆಟ್ಟ ಸಂಸಾರದ ಮರಿಯಮ್ಮ. “ಮಾಷೇ, ಅಜ್ಜನಿಗೆ ಕೊಟ್ಟಿರಾ? ಬೆಳಿಗ್ಗೆ ಬಂದಾಗ ಯಾರೂ ಕಾಣಲಿಲ್ಲ, ಜಗಲಿಯಲ್ಲಿ ಇಟ್ಟು ಹೋದೆ. ಕ್ರಿಸ್ಮಸ್ಸಿಗೆ ನಾನೇ ಮಾಡಿದ ವೈನು. ಜ್ವರ ಬಿಟ್ಟವರಿಗೆ ನಮ್ಮಲ್ಲಿ ಒಂದೊಂದು ಚಮಚ ಕೊಡುದು.”

ಜಿಲ್ಲೆಯಲ್ಲಿ ಪಾನನಿರೋಧವಿದ್ದ ಕಾಲ. ನಮ್ಮ ಮನೆಯಲ್ಲೋ ಈರುಳ್ಳಿಗೂ ನಿರೋಧ. ನಾನು ಹೊರಗೆ ಹೋಗಿ, ಸಾರಿನ ವಿಷಯ ತಡವರಿಸುತ್ತ ಹೇಳಿದೆ. ಒಂದು ವೃದ್ಧಜೀವದ ಮಡಿಯನ್ನು ತಾನು ಕೆಡಿಸಿಬಿಟ್ಟೆನೆಂದು ಆ ಸಾಧ್ವಿಯ ಮುಖ ಬಿಳಿಚಿತು. “ಅಯ್ಯೋ ಕರ್ತಾವೇ,” ಎಂದು ತನ್ನ ದೇವರನ್ನು ಕರೆದು ಎದೆ ಮುಟ್ಟಿಕೊಂಡಳು. ಒಳಗಿನಿಂದ ಅಪ್ಪ ಎದ್ದು ಬರುವ ಸದ್ದಾಯಿತು.

ಅಪ್ಪ ಎಂಜಲುಗೈಯಲ್ಲೇ ಜಗಲಿಯ ಅಂಚಿಗೆ ಬಂದು ನಿಂತರು. “ಹೆದರಬೇಡ ಮಗಳೇ,” ಎಂದರು. “ದ್ರಾಕ್ಷಿ ಚೆನ್ನಾಗಿ ಕಳಿತಿದೆ. ಲವಂಗ ಉಂಟು, ಚಕ್ಕೆ ಉಂಟು. ಇವಳು ಒಗ್ಗರಣೆ ಹಾಕಿ ಹಾಳು ಮಾಡಿದ್ದು. ನನಗೆ ಎಲ್ಲ ಗೊತ್ತಾಯಿತು.” ಸ್ವಲ್ಪ ತಡೆದು, “ಎಲ್ಲ ಗೊತ್ತಾಯಿತು,” ಎಂದು ಮತ್ತೊಮ್ಮೆ ಹೇಳಿದರು.

ಆದರೂ ಮಡಿ ಮಡಿಯೇ. ತಲೆಗೆ ಸ್ನಾನವಾಗಬೇಕೆಂದು ನನ್ನನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋದರು. ನಾನು ಮೊದಲ ಕೊಡ ಸೇದಿ ಕೊಟ್ಟೆ. ಬಾಯಿ ಮುಕ್ಕಳಿಸಲೆಂದು ಬೊಗಸೆಯಲ್ಲಿ ನೀರು ತೆಗೆದುಕೊಂಡವರು ಉಗುಳಲಿಲ್ಲ. ಕಣ್ಣು ಮುಚ್ಚಿ, ನಾಲಗೆಯ ಮೇಲೆ ನಿಲ್ಲಿಸಿಕೊಂಡು, ನುಂಗಿದರು. ಮತ್ತೆ ಬೊಗಸೆ ಒಡ್ಡಿದರು. ನಾನು ಹಗ್ಗ ಹಿಡಿದು ನಿಂತೇ ಇದ್ದೆ, ಅಪ್ಪ ಸ್ನಾನದ ನೀರನ್ನು ಕುಡಿಯುತ್ತಲೇ ಇದ್ದರು.