ಅಳಿಲಿನ ಹೇನು: ಕಾಗದದಲ್ಲಿ ಹನ್ನೆರಡು, ಸೀಸೆಯಲ್ಲಿ ಒಂಬತ್ತು

1974ರ ಏಪ್ರಿಲ್ 21, ಭಾನುವಾರ, ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಮೊದಲ ಅಳಿಲು ಸಪೋಟ ಮರದಿಂದ ಬಿತ್ತು. ಹೊಡೆದದ್ದು ನಾನಲ್ಲ, ನನ್ನ ಗೆಳೆಯ. ಅಷ್ಟು ಹೊತ್ತಿಗೆ ನಾನು ಹನ್ನೊಂದು ಕಲ್ಲು ಬೀರಿದ್ದೆ, ಒಂದೂ ತಗುಲಿರಲಿಲ್ಲ. ಅದೂ ನನ್ನ ಅಂದಿನ ಡೈರಿಯಲ್ಲಿದೆ.

ಆಗ ಬಿ.ಎಸ್ಸಿ. ಎರಡನೇ ವರ್ಷ ಮುಗಿಸಿದ್ದೆ. ಪ್ರಾಣಿಶಾಸ್ತ್ರದ ಮೇಷ್ಟ್ರು ಬೇಸಿಗೆ ರಜೆಗೆ ಒಂದು ಕೆಲಸ ಕೊಟ್ಟಿದ್ದರು. ಯಾವುದಾದರೂ ಒಂದು ಪ್ರಾಣಿಯ ಮೈಮೇಲೆ ಬದುಕುವ ಪರೋಪಜೀವಿಗಳನ್ನು ಹಿಡಿದು, ಸ್ಪಿರಿಟ್ ತುಂಬಿದ ಸೀಸೆಗಳಲ್ಲಿಟ್ಟು, ಎಣಿಕೆಯ ಪಟ್ಟಿಯೊಂದಿಗೆ ಜೂನ್‌ನಲ್ಲಿ ಒಪ್ಪಿಸಬೇಕು. ಬೇರೆಯವರು ನಾಯಿ, ಕೋಳಿ ಅಂತ ಸುಲಭದ್ದನ್ನು ಆರಿಸಿಕೊಂಡರು. ಮೂಡಲಪಾಳ್ಯದಲ್ಲಿ ಗೆಳೆಯನ ಮನೆಯವರ ಸಪೋಟ ತೋಟಕ್ಕೆ ಅಳಿಲುಗಳ ಕಾಟ ಇತ್ತು. ಹಾಗಾಗಿ ನನ್ನ ಪಾಲಿಗೆ ಅಳಿಲು ಬಂತು.

ನಮ್ಮದು ಚಿತ್ರದುರ್ಗದ ಕಡೆಯಿಂದ ಬಂದು ರಾಜಾಜಿನಗರದಲ್ಲಿ ನೆಲೆಸಿದ, ಮೊಟ್ಟೆಯನ್ನೂ ಹೊಸಿಲು ದಾಟಿಸದ ಮನೆ. ಗೆಳೆಯನಿಗೆ ಇದೇ ತಮಾಷೆ.

"ಕೊರಳಲ್ಲಿ ಲಿಂಗ, ಕೈಯಲ್ಲಿ ಕ್ಯಾಟರ್‌ಬಿಲ್ಲು. ನಿಮ್ಮಜ್ಜಿ ನೋಡಿದ್ರೆ ಏನ್ ಗುರು ಗತಿ?"

"ನಾನೆಲ್ಲಿ ಹೊಡೀತಿದೀನಿ? ಎಣಿಸ್ತಾ ಇದೀನಿ ಅಷ್ಟೆ."

"ಹೊಡೀತಿಲ್ಲ ಅಲ್ಲ ಮಗಾ, ತಗುಲ್ತಿಲ್ಲ."

ಮೈ ಬಿಸಿ ಇರುವಾಗಲೇ ಬಾಚಬೇಕು, ತಣ್ಣಗಾದರೆ ಅವೆಲ್ಲ ಇಳಿದು ಹೋಗುತ್ತವೆ ಎಂದು ಮೇಷ್ಟ್ರು ಹೇಳಿದ್ದರು. ಎಲ್ಲಿಗೆ ಹೋಗುತ್ತವೆ ಎಂದು ಹೇಳಿರಲಿಲ್ಲ. ನನ್ನ ಕೈಮೇಲೆ ಬಂದವು. ಮಣಿಕಟ್ಟಿನ ಕೂದಲ ನಡುವೆ ನಾಲ್ಕು ಚಿಗಟ ಕಂಡಾಗ ಅಳಿಲನ್ನು ಎಸೆದು ಬಾವಿಕಟ್ಟೆಗೆ ಓಡಿದೆ. ಕೈ ತೊಳೆದು ಬಂದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬಾಚಿ ನೋಡಿದೆ. ಆ ನವಿರಾದ ತುಪ್ಪಳದಿಂದ ಹೇನು ಬರಲೇ ಇಲ್ಲ. ಕಿವಿಯ ಹಿಂದೆ ಒಂದು ಉಣ್ಣೆ ಕಚ್ಚಿಕೊಂಡಿತ್ತು, ಬೂದು ಬಣ್ಣದ ಹರಳುಬೀಜದ ಹಾಗೆ. ಬೆರಳಲ್ಲಿ ಹಿಡಿದು ಎಳೆದೆ, ಒಡೆಯಿತು. ಅದರ ಹೊಟ್ಟೆಯಲ್ಲಿದ್ದ ಅಳಿಲಿನ ರಕ್ತ ಬೆಚ್ಚಗೆ ನನ್ನ ಉಗುರಿನೊಳಗೆ ಸೇರಿತು. ಅಂದು ಮನೆಯಲ್ಲಿ ಹುರುಳಿಕಾಳಿನ ಸಾರು. ಕಾಳು ಬೆಂದು ಉಬ್ಬಿದ್ದವು. ತಟ್ಟೆ ಸರಿಸಿ ಎದ್ದೆ.

ಹಾಗೇ ಎದ್ದವನಿಗೆ ಬಚ್ಚಲ ಕಿಟಕಿಯ ತಗಡಿನ ಡಬ್ಬಿಯಲ್ಲಿದ್ದ ಅಜ್ಜಿಯ ಸೀರಣಿಗೆ ಕಣ್ಣಿಗೆ ಬಿತ್ತು. ಎರಡೂ ಕಡೆ ಒತ್ತೊತ್ತಾಗಿ ಹಲ್ಲಿರುವ ಮರದ ಬಾಚಣಿಗೆ. ಹೇನು ತೆಗೆಯಲಿಕ್ಕೆಂದೇ ಅಜ್ಜಿ ಮದುವೆಯಲ್ಲಿ ತವರಿನಿಂದ ತಂದದ್ದು. ಮುಂದಿನ ಭಾನುವಾರ, 28ರಂದು, ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೋದೆ. ಅಳಿಲು ಎರಡು, ಚಿಗಟ ಐದು, ಉಣ್ಣೆ ಒಂದು, ಹೇನು ಹದಿನಾಲ್ಕು. ಸಂಜೆ ಸೀರಣಿಗೆಯನ್ನು ಸೋಪು ಹಾಕಿ, ಸ್ಪಿರಿಟ್‌ನಲ್ಲಿ ಅದ್ದಿ, ಒಣಗಿಸಿ ಡಬ್ಬಿಗೆ ಹಾಕಿದೆ. ಯಾರಿಗೂ ಗೊತ್ತಾಗಲಿಲ್ಲ.

ಮೇ 5ರ ಪುಟ ಹೀಗಿದೆ: ಅಳಿಲು ಒಂದು. ಚಿಗಟ ಏಳು. ಉಣ್ಣೆ ಮೂರು. ಹೇನು, ಬಿಳಿ ಕಾಗದದ ಮೇಲೆ ಎಣಿಸಿದ್ದು ಹನ್ನೆರಡು, ಸೀಸೆಗೆ ಹೋದದ್ದು ಒಂಬತ್ತು. ಪಕ್ಕದಲ್ಲಿ 'ಗಾಳಿ' ಎಂದು ಬರೆದುಕೊಂಡಿದ್ದೇನೆ. ಮನೆಗೆ ಬಂದರೆ ನಲ್ಲಿಯಲ್ಲಿ ನೀರಿಲ್ಲ, ಸ್ಪಿರಿಟ್ ಕೂಡ ಮುಗಿದಿತ್ತು. ಸೀರಣಿಗೆಯನ್ನು ಪೇಪರಿನಲ್ಲಿ ಒರೆಸಿ, ಬೆಳಗ್ಗೆ ನೀರು ಬಂದಾಗ ತೊಳೆದರಾಯಿತು ಎಂದು ಡಬ್ಬಿಗೆ ಹಾಕಿಬಿಟ್ಟೆ.

ಸೋಮವಾರ ನಾನು ಏಳುವ ಮೊದಲೇ ಅಜ್ಜಿ ಹಿತ್ತಿಲ ಮೆಟ್ಟಿಲ ಮೇಲೆ ತಂಗಿಯನ್ನು ಕೂರಿಸಿಕೊಂಡು ಬಾಚುತ್ತಿದ್ದಳು. ತಂಗಿಗೆ ಹನ್ನೆರಡು ವರ್ಷ, ಜಡೆ ಸೊಂಟ ದಾಟಿತ್ತು. ಬೀದಿಯಲ್ಲಿ ಅಷ್ಟುದ್ದ ಜಡೆ ಇನ್ನೊಬ್ಬರಿಗಿಲ್ಲ ಎಂಬುದು ಅವಳ ಹೆಮ್ಮೆ.

"ತಡಿಯವ್ವ," ಅಜ್ಜಿಯ ದನಿ ಕೇಳಿಸಿತು. "ಇದು ಹೇನಲ್ಲ."

"ಹೇನಲ್ದೆ ಇನ್ನೇನತ್ತೆ?" ಅಂದರು ಅಮ್ಮ.

"ಬುದ್ಧಿ ಬಂದಾಗ್ಲಿಂದ ಹೇನು ಕುಕ್ಕೀನಿ. ಇಂಥ ಬಣ್ಣ, ಇಂಥ ಉದ್ದನ್ನ ಮೈ ಕಂಡಿಲ್ಲ. ಇದ್ಯಾವ್ದೋ ಕೆಟ್ಟ ಹುಳ. ಬೇರಿಗೆ ಇಳಿಯೋಕೆ ಮುಂಚೆ ಕೂದ್ಲು ತೆಗಿಸು."

ನಾನು ಬಾಗಿಲಲ್ಲಿ ನಿಂತಿದ್ದೆ. ಅಜ್ಜಿಯ ಹೆಬ್ಬೆರಳ ಉಗುರಿನ ಮೇಲೆ ಇದ್ದದ್ದು ನನಗೆ ಗೊತ್ತಿದ್ದ ಹುಳವೇ. ಹನ್ನೆರಡರಲ್ಲಿ ಒಂಬತ್ತು ಹೋದರೆ ಮೂರು. ಅವು ಗಾಳಿಗೆ ಹೋಗಿರಲಿಲ್ಲ, ಸೀರಣಿಗೆಯ ಹಲ್ಲಿಗೆ ಹತ್ತಿಕೊಂಡಿದ್ದವು. ಒಂದು ಪ್ರಾಣಿಯ ಹೇನು ಇನ್ನೊಂದರ ಮೇಲೆ ಬದುಕುವುದು ಕಷ್ಟ ಎಂದು ಮೇಷ್ಟ್ರು ಹೇಳಿದ್ದೂ ನೆನಪಿತ್ತು. ಬಾಯಿ ಬಿಟ್ಟರೆ ತಂಗಿಯ ಜಡೆ ಉಳಿಯುತ್ತದೆ. ಆದರೆ ಆ ಬಾಚಣಿಗೆ ಎಲ್ಲಿಗೆ ಹೋಗಿತ್ತೆಂದು ಹೇಳಬೇಕು. ಒಳಗೆ ಗಡಿಯಾರದಲ್ಲಿ ಏಳೂ ಹತ್ತು.

ಅಮ್ಮ ಹೊಲಿಗೆಯ ಕತ್ತರಿ ತಂದರು. ತಂಗಿ ಎರಡೂ ಕೈಯಲ್ಲಿ ಜಡೆ ಬಿಗಿಹಿಡಿದುಕೊಂಡಳು.

"ನಾನ್ ಕೊಡಲ್ಲ! ಸೀಮೆಎಣ್ಣೆ ಹಾಕಮ್ಮಾ, ಉರಿದ್ರೂ ಸುಮ್ನಿರ್ತೀನಿ!"

"ಅಲ್ಲಾಡ್ಬೇಡ ಕಣೇ, ಕಿವಿ ಹೋದೀತು. ತುದಿಯಿಂದ ತೆಗೀತಾ ಬರ್ತೀನಿ."

ಒಂದು ಗೇಣು ಜಡೆ ರಿಬ್ಬನ್ ಸಮೇತ ಮೆಟ್ಟಿಲ ಮೇಲೆ ಬಿದ್ದಾಗ ನನ್ನ ಬಾಯಿ ತೆರೆಯಿತು. ಎಲ್ಲವನ್ನೂ ಹೇಳಿದೆ. ಆಗ ಏಳೂ ಹದಿನೈದು. ಐದು ನಿಮಿಷಕ್ಕೆ ಒಂದು ಗೇಣು.

ಅಮ್ಮ ಕತ್ತರಿ ಕೆಳಗಿಟ್ಟರು. ಅಜ್ಜಿ ತನ್ನ ಕೈಯನ್ನು ನೋಡಿಕೊಂಡಳು.

"ಸತ್ತ ಅಳಿಲಿಗೆ ಬಾಚಿದ್ದನ್ನ ಕೂಸಿನ ತಲಿಗೆ ಬಾಚಿಸಿದ್ಯೇನೋ, ನನ್ ಕೈಲಿ? ಹೋದ ವಾರ ಪೂರ್ತಿ ನನ್ ತಲಿಗೂ ಅದ್ನೇ ಬಾಚ್ಕಂಡೀನಿ."

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಹಿತ್ತಿಲ ಮೂಲೆಗೆ ಓಡಿ ವಾಂತಿ ಮಾಡಿಕೊಂಡೆ. ಅಜ್ಜಿ ಸೀರಣಿಗೆಯನ್ನು ಹಂಡೆಯ ಒಲೆಗೆ ಹಾಕಿ, ಎರಡು ಸಲ ಸ್ನಾನ ಮಾಡಿದಳು. ನನ್ನ ಜೊತೆ ಮಾತಾಡಿದ್ದು ನಾಲ್ಕನೇ ದಿನ.

ಶಿಕ್ಷೆ ಕೊಟ್ಟವಳು ತಂಗಿ. ಹದಿನೈದು ದಿನ ಹೊಸ ಬಾಚಣಿಗೆಯಲ್ಲಿ ಅವಳ ತಲೆಯನ್ನು ನಾನೇ ಬಾಚಿ, ಸಿಕ್ಕಿದ್ದನ್ನು ನಾನೇ ಉಗುರಲ್ಲಿ ಕುಕ್ಕಬೇಕು. ಒಂದೊಂದು ಚಿಟ್ಟೆಂದಾಗಲೂ ಆ ಉಣ್ಣೆಯ ಬಿಸಿ ಉಗುರಿನಲ್ಲಿ ಮತ್ತೆ ಏಳುತ್ತಿತ್ತು. ಮನುಷ್ಯರ ಹೇನು ನಲವತ್ತಾರು, ಅಳಿಲಿನದು ಸೊನ್ನೆ. ಅಜ್ಜಿ ಹಿಡಿದಿದ್ದ ಒಂದನ್ನು ಅಂದೇ ಸೀಸೆಗೆ ಹಾಕಿದ್ದೆ. ಸೀರಣಿಗೆ ಇದ್ದ ಡಬ್ಬಿಯ ಮೂಲೆಯಲ್ಲಿ ಭೂತಗನ್ನಡಿ ಹಿಡಿದು ಹುಡುಕಿದಾಗ ಇನ್ನೊಂದು ಸಿಕ್ಕಿತು. ಜೂನ್‌ನಲ್ಲಿ ಒಪ್ಪಿಸಿದ ಪಟ್ಟಿಯಲ್ಲಿ ಮೇ 5ರ ಹೇನು: ಎಣಿಸಿದ್ದು ಹನ್ನೆರಡು, ಇರುವುದು ಹನ್ನೊಂದು.

"ಇನ್ನೊಂದೆಲ್ಲಯ್ಯಾ?" ಎಂದರು ಮೇಷ್ಟ್ರು.

"ಸಿಗಲಿಲ್ಲ ಸಾರ್."

ಎರಡು ವರ್ಷವಾಯಿತು. ಜಡೆ ಮತ್ತೆ ಸೊಂಟ ಮುಟ್ಟಿದೆ. ಆದರೂ ತಂಗಿ ತಲೆ ಕೆರೆದುಕೊಳ್ಳುವಾಗಲೆಲ್ಲ ಕೈ ಅಲ್ಲೇ ನಿಲ್ಲಿಸಿ ನನ್ನ ಕಡೆ ನೋಡುತ್ತಾಳೆ. ಹನ್ನೆರಡನೆಯದು ಅಲ್ಲೇ ಇರಬಹುದೇ ಎಂದು ಅವಳ ಅನುಮಾನ. ಮೇಷ್ಟ್ರು ಹೇಳಿದ 'ಕಷ್ಟ' ಎಂದರೆ 'ಆಗುವುದಿಲ್ಲ' ಅಲ್ಲ. ಅಳಿಲಿನ ಹೇನು ಮನುಷ್ಯರ ತಲೆಯಲ್ಲಿ ಎಷ್ಟು ದಿನ ಬದುಕುತ್ತದೆ, ಮೊಟ್ಟೆ ಇಡುತ್ತದೆಯೇ ಎಂಬುದನ್ನು ಬಲ್ಲವರು ಯಾರಾದರೂ ಓದುಗರಲ್ಲಿದ್ದರೆ ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಬೇಕು. ಕಾಗದವನ್ನು ಒಡೆಯದೆ ತಂಗಿಯ ಕೈಗೇ ಕೊಡುತ್ತೇನೆ.