ಮನೆಗೆ ಒಯ್ಯುವ ಬೆಲ್ಲ

ಕಂಪ್ಲಿಯಿಂದ ಹೊಸಪೇಟೆಗೆ ಬರುವ ದಾರಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕಬ್ಬಿನ ಗದ್ದೆಗಳ ನಡುವೆ ಒಂದು ತಗಡಿನ ಚಾವಣಿ ಹೊಗೆಯಾಡುತ್ತಿದೆ. ಅದರ ಕೆಳಗೆ, ದೊಡ್ಡ ಕೊಪ್ಪರಿಗೆಯ ಮುಂದೆ ಕರೆಮ್ಮ ನಿಂತಿದ್ದಾರೆ. ಕುದಿಯುವ ಕಬ್ಬಿನ ಹಾಲಿಗೆ ಬೆಂಡೆ ಗಿಡದ ಲೋಳೆ ಬಿಟ್ಟು, ಮೇಲೆದ್ದ ಕೊಳೆಯನ್ನು ಉದ್ದ ಹಿಡಿಯ ಜಾಲರಿಯಿಂದ ತೆಗೆಯುತ್ತಾರೆ. ಪಕ್ಕದಲ್ಲಿ ಅವರ ತಮ್ಮ, ಪಾಕದ ಹದ ನೋಡುವ ಹುಲುಗೇಶ್, ಉರಿಯ ಮೇಲೆ ಕಣ್ಣಿಟ್ಟು ಕೂತಿದ್ದಾರೆ.

ಹೊರಗೆ ಒಂದು ಲಾರಿ ನಿಂತಿದೆ. ಹಳೆಯ ಸಗಟು ವ್ಯಾಪಾರಿಯೊಬ್ಬರು ಸಂಕ್ರಾಂತಿಗೆ ಲೋಡುಗಟ್ಟಲೆ ಬಿಳಿ ಬೆಲ್ಲ ಬೇಕೆಂದು ಬಂದಿದ್ದಾರೆ. ಈ ಗಾಣದಲ್ಲಿ ಬಿಳಿ ಬೆಲ್ಲ ನಿಂತು ಎರಡು ಹಂಗಾಮು ಕಳೆದಿವೆ. ಇವತ್ತು ಹೂಂ ಎಂದರೆ ಕಷ್ಟಪಟ್ಟು ಕಟ್ಟಿದ ಒಪ್ಪಂದ ಮುರಿದ ಹಾಗೆಯೇ. ಗಾಣ ನೋಡಲು ಹೋದ ನಾನೂ ಒಂದು ಮೂಲೆಯಲ್ಲಿ ನಿಂತಿದ್ದೇನೆ.

ಇದು ಏಳು ಮನೆಗಳು ಸೇರಿ ನಡೆಸುವ ಗಾಣ. ಕರೆಮ್ಮ ಇದರ ಮಾಲೀಕರಲ್ಲ, ಮುಖಂಡರೂ ಅಲ್ಲ, ಪಾಲುದಾರರಲ್ಲಿ ಒಬ್ಬರು ಅಷ್ಟೆ. ದಿನಕ್ಕೆ ನಾಲ್ಕು ಕೊಪ್ಪರಿಗೆ ಇಳಿಯುತ್ತವೆ, ನಾಲ್ಕಕ್ಕೂ ಅವರ ಜಾಲರಿ ಬೇಕು. ಆದರೆ ಅವರು ಮಾಡಿದ ದೊಡ್ಡ ಕೆಲಸ ಕಣ್ಣಿಗೆ ಕಾಣುವುದಿಲ್ಲ. ನಾವು ಏನು ಮಾಡುತ್ತೇವೆ, ಯಾರಿಗಾಗಿ ಮಾಡುತ್ತೇವೆ, ಏನನ್ನು ಮಾಡುವುದಿಲ್ಲ ಎಂಬ ವಿಷಯದಲ್ಲಿ ಏಳು ಮನೆಗಳನ್ನು ಒಂದು ಮಾತಿಗೆ ತಂದವರು ಅವರು. ಇದೇನು ಮಹಾ ಎನ್ನುವವರು, ನಾಳೆಯ ಸಾರು ಯಾವುದೆಂದು ಮನೆಯ ನಾಲ್ಕು ಜನರನ್ನು ಒಪ್ಪಿಸಿ ತೋರಿಸಲಿ!

ಮೊದಲು ಇಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿತ್ತು. ಅಕ್ಕಿ ಗಿರಣಿಯ ಮನೆತನದ ಗಂಗಾಂಬಿಕಾ ಅವರಿಗೆ ಹಂಪಿಗೆ ಬರುವ ಪ್ರವಾಸಿಗರಿಗಾಗಿ ಬೆಲ್ಲದ ಪುಡಿ ಮಾಡಬೇಕೆಂಬ ಆಸೆ. ಇನ್ನೊಬ್ಬರಿಗೆ ಡಬ್ಬಿಗೆ ತುಂಬುವ ನೀರು ಬೆಲ್ಲ, ಜೋನಿ ಬೆಲ್ಲ. ಹುಲುಗೇಶ್ ಅವರಿಗೆ ಮಾತ್ರ ಬಿಳಿ ಅಚ್ಚು ಬೆಲ್ಲವೇ ಆಗಬೇಕು. ಕೊನೆಯಲ್ಲಿ ಬಣ್ಣ ತೆಗೆಯುವ ಪುಡಿ ಹಾಕಿ ಬೆಲ್ಲವನ್ನು ಬೆಳ್ಳಗೆ ಮಾಡುವುದರಲ್ಲಿ ಸುತ್ತಮುತ್ತ ಅವರನ್ನು ಮೀರಿಸಿದವರಿರಲಿಲ್ಲ, ಲಾರಿಗಳು ಅವರ ಹೆಸರು ಕೇಳಿಕೊಂಡು ಬರುತ್ತಿದ್ದವು. ಒಂದೇ ಕೊಪ್ಪರಿಗೆಯಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಮಾಡಲು ಹೋಗಿ ಯಾವುದೂ ನೆಟ್ಟಗಾಗಲಿಲ್ಲ. ಗಾಣ ಮಾರಿ ಪಾಲು ಹಂಚಿಕೊಳ್ಳೋಣ ಎಂಬಲ್ಲಿಗೆ ಮಾತು ಬಂತು.

ಕರೆಮ್ಮನಿಗೆ ಅದು ಬರೀ ಗಾಣದ ಮಾತಾಗಿರಲಿಲ್ಲ. ಗಂಡ ತೀರಿಕೊಂಡಾಗ ಕೈಹಿಡಿದು ಇಲ್ಲಿಗೆ ಕರೆತಂದು, ತನ್ನ ಪಾಲಿನಲ್ಲೇ ಅರ್ಧ ಕೊಟ್ಟವನು ಈ ತಮ್ಮ. ಗಾಣ ಮುರಿದರೆ ಅನ್ನ ಹೋಗುತ್ತದೆ, ಉಳಿಸಲು ಹೊರಟರೆ ಅನ್ನ ಕೊಟ್ಟವನನ್ನೇ ಎದುರು ಹಾಕಿಕೊಳ್ಳಬೇಕಾಗುತ್ತದೆ.

ವಾದ ಮಾಡಲು ಅವರು ಹೋಗಲಿಲ್ಲ. ಒಂದು ಸಂಜೆ ಎಲ್ಲರಿಗೂ ಒಂದೇ ಮಾತು ಹೇಳಿದರು: "ನಾಳಿ ಬರೋವಾಗ ನಿಮ್ಮ ನಿಮ್ಮ ಅಡಿಗಿ ಮನ್ಯಾಗಿನ ಬೆಲ್ಲ ಒಂದೀಟು ತಗಂಡು ಬರ್ರಿ. ಅಂಗಡ್ಯಾಗಿಂದು ಬ್ಯಾಡ, ದಿನಾ ತಿನ್ನೋದು."

ಗಾಣದಲ್ಲಿ ದುಡಿಯುವವರು ಆಗಾಗ ಒಂದು ಉಂಡೆ ಬೆಲ್ಲ ಮನೆಗೆ ಒಯ್ಯುವುದು ಹಿಂದಿನಿಂದ ಬಂದ ರೂಢಿ. ಮರುದಿನ ಬಾಳೆ ಎಲೆಯ ಮೇಲೆ ಒಂದೊಂದೇ ಉಂಡೆ ಬಂದು ಕೂತಿತು. ಕಂದು, ಕಡುಗಂದು, ಮತ್ತೆ ಕಂದು. ಬೆಳ್ಳಗಿನದು ಒಂದೂ ಇಲ್ಲ! ಬಣ್ಣ ತೆಗೆಯುವ ಪುಡಿ ಬೀಳುವ ಮುಂಚೆಯೇ ಪ್ರತಿಯೊಬ್ಬರೂ ಒಂದು ಸೌಟು ಪಾಕ ಬೇರೆ ತೆಗೆದು ಮನೆಗೆ ಒಯ್ಯುತ್ತಿದ್ದರು. ಪ್ರತಿಯೊಬ್ಬರೂ ಈ ಕಳ್ಳತನ ತಾವೊಬ್ಬರೇ ಮಾಡುತ್ತಿದ್ದೇವೆ ಅಂದುಕೊಂಡಿದ್ದರು. ಯಾರೂ ತಲೆ ಎತ್ತಲಿಲ್ಲ.

ಕೊನೆಗೆ ಬಂದವರು ಹುಲುಗೇಶ್. ಅವರ ಕೈಯಲ್ಲಿದ್ದುದೇ ಎಲ್ಲಕ್ಕಿಂತ ಕಪ್ಪು. ಅದನ್ನು ಎಲೆಯ ಮೇಲಿಟ್ಟು, "ಅವ್ವಗ ಬಿಳೀದು ಕೊಡಾಕ ಮನಸ್ಸು ಬರ್ಲಿಲ್ಲ" ಎಂದರಂತೆ.

ಅದನ್ನು ಹೇಳುವಾಗ ಇವತ್ತಿಗೂ ಕರೆಮ್ಮ ತಮ್ಮನ ಪರವೇ ನಿಲ್ಲುತ್ತಾರೆ. "ಅವನ್ನ ಸೋಲಿಸಬೇಕಂತ ಮಾಡಿದ್ದಲ್ಲರಿ. ನಾನೂ ಕದ್ದಾಕೀನ. ನಾವು ತಿನ್ನೋದನ್ನ ಮಂದಿಗೂ ಕೊಡಾಮು ಅಂತ ಒಂದ ಮಾತು ಆತು. ಆಮ್ಯಾಲೆ ಯಾರೂ ಜಗಳಾಡ್ಲಿಲ್ಲ," ಎನ್ನುತ್ತಾರೆ.

ಜಗಳ ನಿಂತಿತು, ಕಷ್ಟ ನಿಲ್ಲಲಿಲ್ಲ. ಪುಡಿ ಬೆಲ್ಲ, ಜೋನಿ ಬೆಲ್ಲ ಎಲ್ಲವನ್ನೂ ಬದಿಗಿಟ್ಟು ಬರೀ ಕಂದು ಉಂಡೆಗೆ ನಿಂತರು. ಸಗಟು ಲಾರಿಗಳು ಬರುವುದು ನಿಂತಿತು. ಮೊದಲ ಮಳೆಗಾಲಕ್ಕೆ ಉಂಡೆಗಳು ಬೆವೆತು ಅಂಗಡಿಗಳಿಂದ ವಾಪಸ್ ಬಂದವು. ಹೊಸಪೇಟೆಯ ಚಿತ್ತವಾಡ್ಗಿಯ ಓಣಿಗಳಲ್ಲಿ, ಟಿ.ಬಿ. ಡ್ಯಾಂ ಕ್ವಾರ್ಟರ್ಸ್‌ನಲ್ಲಿ ಮನೆಮನೆ ಬಾಗಿಲಿಗೆ ಹೋಗಿ ಚೂರು ಕೊಟ್ಟು ರುಚಿ ತೋರಿಸಿದರು. ಕಪ್ಪು ಬೆಲ್ಲ ದೇವರ ಎಡೆಗೆ ಹೆಂಗ್ರಿ ಎಂದು ಮುಖ ತಿರುಗಿಸಿದವರೂ ಇದ್ದರು. ಗಂಗಾಂಬಿಕಾ ಎರಡು ಸಲ ಪುಡಿ ಬೆಲ್ಲದ ಮಾತು ತೆಗೆದರು. ಎರಡು ಸಲವೂ ಕರೆಮ್ಮ ಬೇಡ ಎನ್ನಲಿಲ್ಲ, "ನಿಮ್ಮನ್ಯಾಗ ಅದನ್ನ ಯಾರು ತಿಂತಾರವ್ವ?" ಎಂದಷ್ಟೇ ಕೇಳಿದರು. ಯೋಚಿಸಿ ಹಿಂದಕ್ಕೆ ಸರಿದವರು ಗಂಗಾಂಬಿಕಾ ಅವರೇ.

ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು ಹುಲುಗೇಶ್. ಕೈಯಲ್ಲಿದ್ದ ವಿದ್ಯೆಯೇ ಬೇಡವಾಯಿತು, ಹೆಸರು ಕೇಳಿಕೊಂಡು ಬರುವವರು ಇಲ್ಲವಾದರು. ಒಪ್ಪಿದ್ದು ಮನಸ್ಸಿನಿಂದಲೋ, ಎಲೆಯ ಮುಂದಿನ ನಾಚಿಕೆಯಿಂದಲೋ? ಈ ಅನುಮಾನ ಕರೆಮ್ಮನನ್ನು ಎರಡು ವರ್ಷದಿಂದ ಕೊರೆಯುತ್ತಿದೆ. ಕೇಳಲು ಧೈರ್ಯವಾಗಿಲ್ಲ.

ಈಗ ಪಾಕ ಹದಕ್ಕೆ ಬಂದಿದೆ. ವ್ಯಾಪಾರಿ ಒಳಗೆ ಬಂದು ನೇರವಾಗಿ ಹುಲುಗೇಶ್ ಮುಂದೆ ನಿಂತು, ನಿಮ್ಮ ಕೈಯ ಬಿಳುಪು ಇನ್ಯಾರಿಗೂ ಬರುವುದಿಲ್ಲ ಎಂದು ಹೊಗಳುತ್ತಾರೆ. ಹುಲುಗೇಶ್ ಅಕ್ಕನ ಕಡೆ ನೋಡುತ್ತಾರೆ. ಕರೆಮ್ಮ ತಲೆ ಎತ್ತುವುದಿಲ್ಲ. ಈ ಉತ್ತರ ತಾನು ಕೊಡುವಂಥದ್ದಲ್ಲ ಎಂಬುದು ಅವರಿಗೆ ಗೊತ್ತು. ಜಾಲರಿ ಹಿಡಿದ ಕೈ ಮಾತ್ರ ನಿಂತಿದೆ.

"ಅದನ್ನ ನಮ್ಮನ್ಯಾಗ ಯಾರೂ ತಿನ್ನಂಗಿಲ್ಲರಿ," ಎನ್ನುತ್ತಾರೆ ಹುಲುಗೇಶ್. "ತಿನ್ನಲಾರದ್ದು ನಾವು ಮಾಡಂಗಿಲ್ಲ. ಕುಂದ್ರಿ, ಬಿಸಿ ಬೆಲ್ಲ ತಿಂದು ಹೋಗ್ರಿ."

ಬಾಳೆ ಎಲೆಯ ಮೇಲೆ ಮೊದಲ ಸೌಟು ಬೀಳುತ್ತದೆ. ಕರೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆ ಎಂದು ನನಗೆ ಹೇಳುತ್ತಾರೆ. ಇನ್ನು ನಿಮಗೇನು ಆಸೆ ಎಂದು ನಾನು ಕೇಳಿದರೆ, ತಮ್ಮನ ಕಡೆ ಕೈತೋರಿಸಿ ಮೆಲ್ಲಗೆ ಹೇಳುತ್ತಾರೆ: "ಅವ ಈಗ ಅಂದ್ನಲ್ಲರಿ, ಆ ಮಾತು ನಾನು ಕಲಿಸಿದ್ದಲ್ಲ, ಅವನ ಮನಸ್ಸಿನಾಗಿಂದ ಬಂದದ್ದು. ನನಗ ಅಷ್ಟು ಸಾಕು."